ಸ್ಕ್ರೂ ಇಲ್ಲದೆ ನಿಂತ ಬ್ರಿಜ್

1970ರ ಆಸುಪಾಸಿನ ಜಪಾನಿ ಗಿಟಾರ್. ಬೆಂಗಳೂರಿನ ಗುಜರಿಯಲ್ಲಿ 1500 ರೂಪಾಯಿಗೆ ಸಿಕ್ಕಿತು. ಮುಂದಿನ ಹಲಗೆಯಲ್ಲಿ ಗೇಣುದ್ದ ಬಿರುಕು. ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ, ಅಂದರೆ ಬ್ರಿಜ್‌ನ ಹಿಂಬದಿ ಎದ್ದು, ಸಂದಿಯಲ್ಲಿ ಬಿಎಂಟಿಸಿ ಟಿಕೆಟ್ ಅರ್ಧ ಒಳಗೆ ಹೋಗುತ್ತಿತ್ತು. ‘ಎರಡು ಸ್ಕ್ರೂ ಹೊಡಿ ಗುರು, ಇಲ್ಲಾಂದ್ರೆ ಒಲೆಗೆ ಹಾಕು’ ಎಂದ ಗಿಟಾರ್ ರಿಪೇರಿ ಕೆಲಸದ ಗೆಳೆಯ.

ಸ್ಕ್ರೂ ಒಂದು ಬಿಟ್ಟು ಉಳಿದ ತಪ್ಪನ್ನೆಲ್ಲ ಮಾಡಿದೆ. ಮೊದಲು ಬಡಗಿಗಳ ಬಿಳಿ ಅಂಟು. ಏಪ್ರಿಲ್ ಸೆಕೆಗೆ ಮೆತ್ತಗಾಗಿ ಬ್ರಿಜ್ ಕೂದಲೆಳೆಯಷ್ಟು ಜರುಗಿತು. ಆರು ತಂತಿ ಸೇರಿ ಎಪ್ಪತ್ತು ಕೇಜಿ ಎಳೆಯುತ್ತವೆ, ಸುಮ್ನೆನಾ? ಆಮೇಲೆ ಎಪಾಕ್ಸಿ. ಅದು ಬಿಡುವಾಗ ಹಲಗೆಯ ಸಿಬಿರನ್ನೂ ಕಿತ್ತುಕೊಂಡು ಬಂತು. ಅಲ್ಲಿಗೆ ಅಂಟು, ಕ್ಲಾಂಪು ಅಂತ 2000 ಹೋಗಿತ್ತು. ಮನೆಯಲ್ಲಿ ಲೆಕ್ಕ ಹೇಳಿಲ್ಲ.

ಸಿಬಿರು ಕೂರಿಸುವಾಗ ಟಾರ್ಚ್ ಓರೆ ಹಿಡಿದು ನೋಡಿದೆ. ಬ್ರಿಜ್ ಕೂರುವ ಜಾಗದ ಅಂಚಿಗೆ ಎರಡು ಮಿಲಿಮೀಟರ್ ಪಟ್ಟಿ ಹೊಳೆಯುತ್ತಿತ್ತು. ಹಳೇ ಪಾಲಿಶ್! ಮರಕ್ಕೆ ಅಂಟಬೇಕಾದ್ದನ್ನು ನಾನು ಪಾಲಿಶ್‌ಗೆ ಅಂಟಿಸುತ್ತಿದ್ದೆ. ಬ್ಲೇಡಿನಲ್ಲಿ ಹೆರೆದು ಬರಿ ಮರ ಕಾಣುವಂತೆ ಮಾಡಿದೆ. ಈ ಸಲ ಹಳೇ ಕಾಲದ ಚರ್ಮದ ಅಂಟು, ಪ್ರಾಣಿಗಳ ಚರ್ಮ ಬೇಯಿಸಿ ತೆಗೆದದ್ದು. 60 ಡಿಗ್ರಿ ದಾಟಬಾರದು, ಜಾಸ್ತಿ ಕುದಿಸಿದರೆ ಸತ್ವ ಹೋಗುತ್ತದೆ. ಮಗಳ ಹಾಲಿನ ಬಾಟಲಿ ಬಿಸಿ ಮಾಡುವ ಯಂತ್ರ ಇದಕ್ಕೇ ಹುಟ್ಟಿದಂತಿದೆ. ನಡುವೆ ಅದರ ನೆಂಟ, ಕೇಕ್ ಅಂಗಡಿಯ ಜೆಲಟಿನ್‌ನಲ್ಲೂ ಎರಡು ತುಂಡು ಬೀಟೆ ಅಂಟಿಸಿ ನೋಡಿದೆ. ಸುತ್ತಿಗೆಗೆ ಮರ ಸೀಳಿತು, ಬೆಸುಗೆ ಬಿಡಲಿಲ್ಲ. ಆದರೂ ಗಿಟಾರಿಗೆ ಹಾಕುವ ಧೈರ್ಯ ಬರಲಿಲ್ಲ.

ಚರ್ಮದ ಅಂಟು ನಿಮಿಷದೊಳಗೆ ಗಟ್ಟಿಯಾಗುತ್ತೆ, ಕ್ಲಾಂಪ್ ಬಿಗಿಯಲು ಪುರುಸೊತ್ತಿಲ್ಲ. ಅದಕ್ಕೇ ಮೊದಲು ಬ್ರಿಜ್ ಬೆಚ್ಚಗೆ ಮಾಡಿಕೊಳ್ಳಿ. ಅಂಟಿಗೆ ಇನ್ನೊಂದು ಚಿಟಿಕೆ ಏನೋ ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ.

ಬಿರುಕಿಗೆ ಅವಸರ ಪಡಲಿಲ್ಲ. ಗಿಟಾರಿನ ಪೆಟ್ಟಿಗೆಯೊಳಗೆ ಒದ್ದೆ ಸ್ಪಂಜು ಇಟ್ಟು ಹತ್ತು ಹನ್ನೆರಡು ದಿನ ಮುಚ್ಚಿದೆ. ತಾನೇ ಕೂಡಿಕೊಂಡಿತು. ಅಂಟು ತೀಡಿ, ಒಳಗಿನಿಂದ ನಾಲ್ಕು ಸ್ಪ್ರೂಸ್ ಮರದ ಚೂರು ಅಡ್ಡ ಕೂರಿಸಿದೆ.

ಈಗ ಎರಡು ಬೇಸಿಗೆ ದಾಟಿದೆ. ಒಟ್ಟು ಖರ್ಚು ಐದು ಸಾವಿರದ ಒಳಗೆ. 18 ಸಾವಿರಕ್ಕೆ ಒಬ್ಬರು ಕೇಳಿದರು, ಕೊಡಲಿಲ್ಲ. ಗೆಳೆಯ ಮೊನ್ನೆ ಬಂದವನು ನುಡಿಸಲಿಲ್ಲ. ಜೇಬಿನಿಂದ ಬಸ್ ಟಿಕೆಟ್ ತೆಗೆದು ಬ್ರಿಜ್‌ನ ನಾಲ್ಕೂ ಕಡೆ ತೂರಿಸಲು ನೋಡಿದ. ಹೋಗಲಿಲ್ಲ. ‘ಏನೋ ಅದು ಚಿಟಿಕೆ?’ ಎಂದ. ಕಾಫಿ ಕೊಟ್ಟು ಕಳಿಸಿದೆ.