ಅಮೆರಿಕದಲ್ಲಿ ಬಾಣಂತನ: ನೋವಿನ ಮಾತ್ರೆ, ಗಸಗಸೆ ಮತ್ತು ಮಗುವಿನ ಮಿದುಳು

ದಾವಣಗೆರೆ, ಹರಿಹರ, ಚನ್ನಗಿರಿ ಕಡೆಯ ಕುಟುಂಬಗಳು ಅಮೆರಿಕದಲ್ಲಿ ನೆಲೆಸಿದ್ದರೂ, ಮಗಳಿಗೆ ದಿನ ತುಂಬುತ್ತಿದೆಯೆಂದರೆ ಊರಿನಿಂದ ತಾಯಿ ಬಾಣಂತನಕ್ಕೆ ಹೊರಡುತ್ತಾರೆ. ಅವರ ಸೂಟ್‌ಕೇಸಿನಲ್ಲಿ ಅಂಟಿನುಂಡೆಯ ಜೊತೆ ಗಸಗಸೆಯ ಪೊಟ್ಟಣವಿರುತ್ತದೆ. ಮಂಡಿನೋವಿಗೆ ವೈದ್ಯರು ಬರೆದುಕೊಟ್ಟ ಟ್ರಮಡಾಲ್ ಮಾತ್ರೆಯೂ ಇರುವುದುಂಟು. ಎರಡಕ್ಕೂ ಅಫೀಮಿನ ಗುಂಪಿನ ಒಪಿಯಾಯ್ಡ್‌ಗಳ ನಂಟಿದೆ. ಈ ಗುಂಪಿನ ಔಷಧಿಗಳ ಬಗ್ಗೆ ಅಲ್ಲಿನ ಆಸ್ಪತ್ರೆಗಳು ಬಹಳ ಎಚ್ಚರ ವಹಿಸುತ್ತವೆ.

ಕಾರಣವಿದೆ. ಬಸುರಿ ಸೇವಿಸಿದ ಒಪಿಯಾಯ್ಡ್ ಮಾಸನ್ನು ದಾಟಿ ಭ್ರೂಣದ ಮಿದುಳನ್ನು ತಲುಪುತ್ತದೆ. ತಿಂಗಳುಗಟ್ಟಲೆ ಅದಕ್ಕೆ ಒಗ್ಗಿದ ಮಗುವಿಗೆ ಹುಟ್ಟಿದೊಡನೆ ಅದು ಸಿಗದಂತಾದಾಗ, ಸಾಮಾನ್ಯವಾಗಿ ಮೂರು ದಿನಗಳೊಳಗೆ, ಕೀರಲು ದನಿಯ ನಿಲ್ಲದ ಅಳು, ಕೈಕಾಲುಗಳ ನಡುಕ, ಮೈ ಬಿಗಿತ, ಭೇದಿ, ಪದೇ ಪದೇ ಸೀನು ಕಾಣಿಸಿಕೊಳ್ಳುತ್ತವೆ; ಮಗು ಸರಿಯಾಗಿ ಹಾಲು ಚೀಪುವುದಿಲ್ಲ, ನಿದ್ದೆಯನ್ನೂ ಮಾಡುವುದಿಲ್ಲ. ಅದಕ್ಕಾಗಿಯೇ ಇಂಥ ಶಿಶುಗಳನ್ನು 3ರಿಂದ 7 ದಿನ ಆಸ್ಪತ್ರೆಯಲ್ಲಿ ನಿಗಾದಲ್ಲಿಡುತ್ತಾರೆ. ಮಂದ ಬೆಳಕಿನ ಕೋಣೆ, ತಾಯಿಯ ಎದೆಯ ಬಿಸುಪು, ಆಗಾಗ ಹಾಲು ಇವೇ ಮೊದಲ ಚಿಕಿತ್ಸೆ. ಸಾಲದಿದ್ದರೆ ಮಾತ್ರ ಅದೇ ಗುಂಪಿನ ಮಾರ್ಫಿನ್‌ನ ಅಳತೆಯ ಹನಿಗಳನ್ನು ಕೊಟ್ಟು ಕ್ರಮೇಣ ತಗ್ಗಿಸುತ್ತಾರೆ.

ಮುಂದಿನ ವರ್ಷಗಳ ಬಗ್ಗೆ ಮಾತನಾಡುವಾಗ ಎಚ್ಚರ ಬೇಕು. ಇಂಥ ಮಕ್ಕಳ ಗಮನ, ಕಲಿಕೆ ಮತ್ತು ಭಾಷಾ ಪರೀಕ್ಷೆಗಳ ಸರಾಸರಿ ಅಂಕ ಸ್ವಲ್ಪ ಕಡಿಮೆಯೆಂದು ಅಧ್ಯಯನಗಳು ಕಂಡಿವೆ. ಆದರೆ ತಂಬಾಕು, ಮದ್ಯ, ಬಡತನ, ತಾಯಿಯ ಖಿನ್ನತೆ, ಪದೇ ಪದೇ ಬದಲಾಗುವ ಪೋಷಕರು ಇವುಗಳ ಪ್ರಭಾವವನ್ನು ಔಷಧಿಯ ಪ್ರಭಾವದಿಂದ ಬೇರ್ಪಡಿಸುವುದು ಕಷ್ಟ. ತಂದೆಯ ಸೇವನೆಯೂ ಮರಿಗಳ ವರ್ತನೆಯನ್ನು ಬದಲಿಸಬಹುದೆಂಬ ಸೂಚನೆ ಇಲಿಗಳಲ್ಲಿ ದೊರೆತಿದೆ. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ. ಆದ್ದರಿಂದ ಇಂಥ ಮಗುವಿಗೆ ಹುಟ್ಟಿನಲ್ಲೇ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಈಗಾಗಲೇ ಒಪಿಯಾಯ್ಡ್ ಅಭ್ಯಾಸವಾಗಿರುವ ಬಸುರಿ ಭಯದಿಂದಲೋ ನಾಚಿಕೆಯಿಂದಲೋ ತಾನಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಅಲ್ಲಿನ ಪ್ರಸೂತಿ ತಜ್ಞರು ವೈದ್ಯರ ನಿಗಾದಲ್ಲಿ ಅಳತೆಯಂತೆ ಕೊಡುವ, ಅದೇ ಗುಂಪಿನ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಔಷಧಿಯ ಚಿಕಿತ್ಸೆಯನ್ನು ಸೂಚಿಸುತ್ತಾರೆ, ಏಕೆಂದರೆ ಹಾಗೆ ನಿಲ್ಲಿಸಿದವರು ಮತ್ತೆ ಚಟಕ್ಕೆ ಬೀಳುವ ಅಪಾಯ ಹೆಚ್ಚು. ಚಿಕಿತ್ಸೆಯಲ್ಲಿ ಸ್ಥಿರವಾಗಿರುವ ತಾಯಿಗೆ ಎದೆಹಾಲು ಕುಡಿಸಲು ಪ್ರೋತ್ಸಾಹವನ್ನೇ ಕೊಡುತ್ತಾರೆ. ಆದರೆ ಟ್ರಮಡಾಲ್ ಅಥವಾ ಅದೇ ಗುಂಪಿನ ಕೊಡೀನ್ ಸೇವಿಸುವಾಗ ಎದೆಹಾಲು ಕುಡಿಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ. ಬಾಣಂತಿಗೆ ಸೊಂಟ ನೋವೆಂದು ಅಮ್ಮನ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುವುದು ಖಂಡಿತ ಬೇಡ.

ಗಸಗಸೆಯ ವಿಷಯವನ್ನು ನಮ್ಮವರಿಗೆ ಯಾರೂ ಹೇಳುವುದಿಲ್ಲ. ಅಫೀಮಿನ ಗಿಡದ ಹಾಲಿನ ಮಾರ್ಫಿನ್ ಅಂಶ ಅದರ ಬೀಜವಾದ ಗಸಗಸೆಯ ಮೇಲೆ ಉಳಿದಿರುತ್ತದೆ. ಗಸಗಸೆ ಪಾಯಸ ಕುಡಿದ ಒಂದೆರಡು ದಿನ, ಮಾದಕ ವಸ್ತು ಪತ್ತೆಯ ಮೂತ್ರ ಪರೀಕ್ಷೆ ಪಾಸಿಟಿವ್ ಬರಬಹುದು. ಹಾಗೆ ಬಂದು ಮಕ್ಕಳ ರಕ್ಷಣಾ ಇಲಾಖೆಯವರೆಗೆ ದೂರು ಹೋದ ಪ್ರಕರಣಗಳು ಅಲ್ಲಿ ನಡೆದಿವೆ. ದಿನ ತುಂಬುವ ತಿಂಗಳಲ್ಲಿ ಗಸಗಸೆಯನ್ನು ಬಿಡುವುದೇ ಲೇಸು. ತಿಂದಿದ್ದರೆ ಮೊದಲೇ ಹೇಳಿ, ಅದನ್ನು ದಾಖಲೆಯಲ್ಲಿ ಬರೆಸಿ. ಪರೀಕ್ಷೆಗೆ ನಿಮ್ಮ ಒಪ್ಪಿಗೆ ಪಡೆಯಬೇಕೆಂಬುದು ಅಲ್ಲಿನ ವೃತ್ತಿಪರ ಮಾರ್ಗಸೂಚಿ; ಯಾವ ಪರೀಕ್ಷೆ, ಏಕೆ ಎಂದು ಕೇಳಲು ಹಿಂಜರಿಯಬೇಡಿ.

ಮಾದಕ ವಸ್ತುವಿನ ಪ್ರಭಾವಕ್ಕೊಳಗಾದ ಶಿಶು ಜನಿಸಿದರೆ ಆಸ್ಪತ್ರೆ ಮಕ್ಕಳ ರಕ್ಷಣಾ ಇಲಾಖೆಗೆ ತಿಳಿಸಬೇಕು ಮತ್ತು ಕುಟುಂಬಕ್ಕೊಂದು ಸುರಕ್ಷಿತ ಆರೈಕೆಯ ಯೋಜನೆ ಸಿದ್ಧವಾಗಬೇಕು ಎಂಬ ಕ್ರಮ ಅಲ್ಲಿನ ಕೇಂದ್ರ ಕಾನೂನಿನಲ್ಲಿದೆ. ಆಸ್ಪತ್ರೆ ಹೀಗೆ ತಿಳಿಸಿದ ಮಾತ್ರಕ್ಕೆ ತಾಯಿ ಅಪರಾಧ ಮಾಡಿದಳೆಂದು ಕೇಂದ್ರ ಕಾನೂನು ಎಣಿಸುವುದಿಲ್ಲ. ರಾಜ್ಯದ ಕಾನೂನುಗಳು ಮಾತ್ರ ಬೇರೆ ಬೇರೆ. ಇಲಾಖೆಯವರು ಮನೆಗೆ ಬಂದಾಗ ಅರೆಬರೆ ಇಂಗ್ಲಿಷಿನಲ್ಲಿ ಉತ್ತರಿಸಬೇಡಿ, ದುಭಾಷಿಯನ್ನು ಕೇಳಿ. ಕೇಂದ್ರದ ಅನುದಾನ ಪಡೆಯುವ ಆಸ್ಪತ್ರೆಗಳೂ ಇಲಾಖೆಗಳೂ ಈ ಸೇವೆಯನ್ನು ಉಚಿತವಾಗಿ ಒದಗಿಸಬೇಕು. ಕನ್ನಡಕ್ಕೆ ಇದು ಹೆಚ್ಚಾಗಿ ಫೋನ್ ಮೂಲಕ ಸಿಗುತ್ತದೆ.

ಮೂರು ವರ್ಷದೊಳಗಿನ ಮಗುವಿನ ಮಾತು, ನಡಿಗೆ ಅಥವಾ ವರ್ತನೆ ತಡವಾಗಿದೆ ಎನಿಸಿದರೆ ಚಿಕ್ಕ ಮಕ್ಕಳ ಬೆಳವಣಿಗೆಗೆ ಬೇಗನೆ ನೆರವಾಗುವ ‘ಅರ್ಲಿ ಇಂಟರ್ವೆನ್ಷನ್’ ವಿಭಾಗಕ್ಕೆ ತಂದೆತಾಯಿಯೇ ನೇರವಾಗಿ ಕರೆ ಮಾಡಬಹುದು. ವೈದ್ಯರ ಚೀಟಿ ಬೇಕಿಲ್ಲ, ಮೌಲ್ಯಮಾಪನಕ್ಕೆ ಶುಲ್ಕವೂ ಇಲ್ಲ.