ಮನೆಯ ಶೆಡ್ಡಿನಲ್ಲಿ ಹಚಿಮಾಕಿಗೆ ಬಣ್ಣ ಹಾಕಿದ ನನ್ನ ಅನುಭವ

ಹೋದ ಮೇ ತಿಂಗಳಲ್ಲಿ ಜಪಾನಿನ ಹಮಾಮಾತ್ಸು ಊರಿನ ಗಾಳಿಪಟದ ಹಬ್ಬಕ್ಕಾಗಿ ನಾನು ಮನೆಯ ಹಿಂದಿನ ಶೆಡ್ಡಿನಲ್ಲಿ ಚೂಸೆನ್ ಪದ್ಧತಿಯಿಂದ (ಮಡಚಿದ ಬಟ್ಟೆಯ ಪದರಗಳ ಮೂಲಕ ಬಣ್ಣ ಹಾಯಿಸುವುದು) ಬಣ್ಣ ಹಾಕಿಕೊಟ್ಟ 38 ಹಚಿಮಾಕಿಗಳು, ಎಂದರೆ ತಲೆಗೆ ಬಿಗಿಯುವ ಬಟ್ಟೆಗಳು, ಮೂರು ದಿನಗಳ ಬೆವರು, ಮಳೆ, ಮೈಮೇಲೆ ಚೆಲ್ಲಿದ ಸಾಕೆ ಮದ್ಯ ಎಲ್ಲವನ್ನೂ ತಡೆದುಕೊಂಡವು. ಒಂದರಿಂದಲೂ ಹಣೆಗೆ ಬಣ್ಣ ಹತ್ತಲಿಲ್ಲ. ಪಂಪು, ನೀರಿನ ಉದ್ದ ತೊಟ್ಟಿ, ಒಣಗಿಸುವ ಎತ್ತರದ ಅಟ್ಟಣೆ ಇಲ್ಲದೆ ಚೂಸೆನ್ ಆಗುವುದೇ ಇಲ್ಲವೆಂದು ನಾಲ್ಕು ವರ್ಷ ಹೇಳುತ್ತ ಬಂದವರಲ್ಲಿ ಇಬ್ಬರು ಅವನ್ನೇ ತಲೆಗೆ ಬಿಗಿದುಕೊಂಡು ಗಾಳಿಪಟದ ಹಗ್ಗ ಎಳೆದರು. ಈ ಕೆಲಸವನ್ನು ಬರೆದಿಡುವ ಧೈರ್ಯ ನನಗೆ ಬಂದದ್ದು ಅಂದು ಸಂಜೆ. ಬಣ್ಣದ ಕಸುಬು ಬಲ್ಲವರಿಗಾಗಿ ಬರೆಯುತ್ತಿರುವುದರಿಂದ ನೂಲಿನೊಡನೆ ರಾಸಾಯನಿಕವಾಗಿ ಬೆಸೆಯುವ ರಿಯಾಕ್ಟಿವ್ ಬಣ್ಣ, ಅದಕ್ಕೆ ಸೇರಿಸುವ ಸೋಡಾ, ಯೂರಿಯಾಗಳ ಮೊದಲ ಪಾಠವನ್ನು ಇಲ್ಲಿ ಹೇಳುವುದಿಲ್ಲ.

ನಮ್ಮದು ರಬಕವಿ; ನಮ್ಮ ತಂದೆ ನೂಲಿಗೆ ಬಣ್ಣ ಹಾಕುವ ಕೆಲಸದಲ್ಲಿಯೇ ಕೂದಲು ನೆರೆಸಿಕೊಂಡವರು. ನಾನು ಯಂತ್ರಗಳ ನೌಕರಿಯ ಮೇಲೆ ಇಲ್ಲಿಗೆ ಬಂದೆ. ಹಮಾಮಾತ್ಸು ಈಗ ವಾಹನಗಳ ಊರೆಂದು ಹೆಸರಾಗಿದ್ದರೂ ಅದರ ಬೇರು ಮಗ್ಗದಲ್ಲಿದೆ. 1909ರಲ್ಲಿ ಸುಜುಕಿ ಕಂಪನಿಯ ಸ್ಥಾಪಕ ಸುಜುಕಿ ಮಿಚಿಯೊ ಇಲ್ಲಿ ತೆರೆದದ್ದು ಮಗ್ಗ ತಯಾರಿಸುವ ಕಾರ್ಖಾನೆಯನ್ನು. ಚೂಸೆನ್ ಬಣ್ಣಗಾರಿಕೆಗೂ ಈ ಊರು ಹೆಸರುವಾಸಿ. ಮೇ 3ರಿಂದ 5ರವರೆಗೆ ನಡೆಯುವ ಹಬ್ಬದಲ್ಲಿ ನಕಾತಾಜಿಮಾ ಮರಳು ದಿಬ್ಬದ ಬಳಿ 170ಕ್ಕೂ ಹೆಚ್ಚು ಕೇರಿಗಳು ತಮ್ಮ ತಮ್ಮ ಗುರುತಿನ ಭಾರಿ ಗಾಳಿಪಟಗಳನ್ನು ಹಾರಿಸಿ, ಒಬ್ಬರ ಹಗ್ಗಕ್ಕೆ ಇನ್ನೊಬ್ಬರ ಹಗ್ಗ ತೀಡಿ ಕಡಿಯುತ್ತಾರೆ. ಮನೆಯಲ್ಲಿ ಚೊಚ್ಚಲ ಮಗು ಹುಟ್ಟಿದಾಗ ಅದರ ಹೆಸರಿನಲ್ಲಿ ಹಾರಿಸುವ ಪಟಕ್ಕೆ ಹಾತ್ಸುದಾಕೊ ಎನ್ನುತ್ತಾರೆ. ನಮ್ಮ ಮಗಳ ಹೆಸರಿನ ಪಟವನ್ನು ಕೇರಿಯವರೆಲ್ಲ ಸೇರಿ ಹಾರಿಸಿದರು. ಆ ಋಣಕ್ಕೆ ಪ್ರತಿಯಾಗಿ ಕೇರಿಯ ಗುರುತಿರುವ ಹಚಿಮಾಕಿಗಳನ್ನು ಮಾಡಿಸಿಕೊಡೋಣವೆಂದು ಹೊರಟರೆ, ವಿಚಾರಿಸಿದ ಕಡೆಯಲ್ಲೆಲ್ಲ ನೂರಕ್ಕೆ ಕಡಿಮೆ ಸಂಖ್ಯೆಯಲ್ಲಿ ಮಾಡುವುದಿಲ್ಲವೆಂಬ ಉತ್ತರ ಬಂತು. ನಮಗೆ ಬೇಕಾದದ್ದು ಮೂವತ್ತು ಚಿಲ್ಲರೆ.

ಸ್ಕ್ರೀನ್ ಪ್ರಿಂಟ್ ಮಾಡಿಸಿದರೆ ಸಾಲದೇ ಎಂದು ಹಲವರು ಕೇಳಿದರು; ಮೊದಲ ವರ್ಷ ನಾನೂ ಅದನ್ನೇ ಮಾಡಿ ಸುಮಾರು 20,000 ಯೆನ್ ಕಳೆದೆ. ಹಚಿಮಾಕಿಯನ್ನು ಸುಮ್ಮನೆ ಮಡಚಿ ಹಿಂದಕ್ಕೆ ಗಂಟು ಹಾಕಿದರೆ ಬಟ್ಟೆಯ ಒಂದು ಮಗ್ಗುಲು ಮಾತ್ರ ಕಾಣುತ್ತದೆ. ಆದರೆ ಹಬ್ಬದವರು, ಬಡಗಿಗಳು, ಮೀನು ಮಾರುವವರು ಕಟ್ಟುವ ನೆಜಿರಿ ಹಚಿಮಾಕಿಯಲ್ಲಿ ಸುಮಾರು 34 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದದ ತೆನುಗುಯಿ ಎಂಬ ತೆಳು ಹತ್ತಿ ಬಟ್ಟೆಯನ್ನು ಹಗ್ಗದಂತೆ ಹೊಸೆದು ತಲೆಗೆ ಬಿಗಿಯುತ್ತಾರೆ. ಹೊಸೆದಾಗ ಒಳಮಗ್ಗುಲು ಹೊರಗೆ ಬರುತ್ತದೆ. ಪ್ರಿಂಟ್ ಮಾಡಿದ ಬಟ್ಟೆಯ ಹಿಂಬದಿ ಬೆಳ್ಳಗಿರುವುದರಿಂದ ಗಾಢ ನೀಲಿಯ ನಡುವೆ ಬಿಳಿಚಿದ ಗೆರೆಗಳು ಎದ್ದು ಕಂಡವು. ಪಕ್ಕದ ಮನೆಯ ಹಿರಿಯರು ಅದನ್ನು ಎರಡು ಬಾರಿ ಹೊಸೆದು ನೋಡಿ ಏನೂ ಹೇಳದೆ ಮಡಚಿಟ್ಟರು. ಮೀಜಿ ಕಾಲದಲ್ಲಿ (1868–1912) ಒಸಾಕಾದಲ್ಲಿ ಬೆಳೆದ ಚೂಸೆನ್‌ನಲ್ಲಿ ಬಣ್ಣ ಪದರಗಳ ಮೂಲಕ ಹಾದುಹೋಗುವುದರಿಂದ ಬಟ್ಟೆಗೆ ಹಿಂದು ಮುಂದು ಎಂಬ ಭೇದವೇ ಇರುವುದಿಲ್ಲ. ಈ ಒಂದು ಕಾರಣಕ್ಕಾಗಿಯೇ ನಾನು ಹಟ ಹಿಡಿದೆ.

ಕಾರ್ಖಾನೆಯಲ್ಲಿ ಅಚ್ಚಿನ ಹಾಳೆಯ ಮೂಲಕ ಬಟ್ಟೆಗೆ ಬಣ್ಣ ತಡೆಯುವ ಅಂಟು ಬಳಿದು, ಮಡಚಿ, ಮತ್ತೆ ಬಳಿದು, ಹೀಗೆ ಮೂವತ್ತು ನಲವತ್ತು ಪದರಗಳ ಕಟ್ಟು ಮಾಡುತ್ತಾರೆ; ಮೇಲಿಂದ ಕೆಟಲ್‌ನಲ್ಲಿ ಬಣ್ಣ ಹೊಯ್ದರೆ ಕೆಳಗಿನ ಪಂಪು ಅದನ್ನು ಹೀರುತ್ತದೆ. ನಾನು ಪದರಗಳನ್ನು ಹತ್ತಕ್ಕೆ ಇಳಿಸಿದೆ. ಮರದ ಪೆಟ್ಟಿಗೆಯ ಮೇಲೆ ಪಟ್ಟಿಗಳನ್ನು ಜೋಡಿಸಿ, ಸ್ಟೀಲ್ ಜಾಲರಿ ಹಾಸಿ, ಪೆಟ್ಟಿಗೆಗೆ ಮನೆಯ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿದೆ. ಮೂರನೆಯ ಕಟ್ಟಿಗೇ ಅದರ ಮೋಟಾರು ಸುಟ್ಟಿತು. ಆಮೇಲೆ ನೀರನ್ನೂ ಎಳೆಯುವ ವ್ಯಾಕ್ಯೂಮ್ ಒಂದನ್ನು ಸುಮಾರು 12,000 ಯೆನ್‌ಗೆ ತಂದು, ಪೆಟ್ಟಿಗೆಗೂ ಅದಕ್ಕೂ ನಡುವೆ ಬಣ್ಣ ಇಳಿಯಲು ಮುಚ್ಚಳ ಬಿಗಿದ ಬಕೆಟ್ ಇಟ್ಟೆ. ಎಳೆತ ಹೆಚ್ಚಿದಷ್ಟೂ ಒಳ್ಳೆಯದೆಂಬ ನನ್ನ ನಂಬಿಕೆ ಇಡೀ ಒಂದು ಚಳಿಗಾಲವನ್ನು ನುಂಗಿತು: ಬಲವಾಗಿ ಎಳೆದಾಗ ಅಂಟೇ ನೂಲಿನೊಳಗೆ ಜಾರಿ, ಅಚ್ಚಿನ ಅಂಚು ತಿಂದುಹೋಗಿ, ಕೇರಿಯ ಗುರುತು ಹುಳು ಹೊಡೆದ ಎಲೆಯಂತಾಗುತ್ತಿತ್ತು. ಕೊಳವೆಗೆ ಒಂದು ವಾಲ್ವ್ ಹಾಕಿ ಹೊರಗಿನ ಗಾಳಿಯನ್ನು ಬೇಕಾದಷ್ಟು ಬಿಟ್ಟುಕೊಂಡು, ಎರಡು ಮೂರು ಸೆಕೆಂಡು ಎಳೆದು ನಿಲ್ಲಿಸಿ, ಮತ್ತೆ ಹೊಯ್ದು ಎಳೆದಾಗ ಅಂಚು ನಿಂತಿತು. ಕಟ್ಟಿನ ಸುತ್ತಲೂ ತೆರೆದಿರುವ ಜಾಲರಿಯ ಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚದಿದ್ದರೆ ವ್ಯಾಕ್ಯೂಮ್ ಬರಿಯ ಗಾಳಿಯನ್ನು ಎಳೆಯುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅಷ್ಟನ್ನು ತಿಳಿಯಲು ನನಗೆ ಐದಾರು ಕಟ್ಟು ಬಟ್ಟೆ ಹಾಳಾಯಿತು. ಕಟ್ಟನ್ನು ತಿರುವಿ ಹಾಕಿ ಹಿಂಬದಿಯಿಂದಲೂ ಹೊಯ್ಯಬೇಕು. ಇಲ್ಲವಾದರೆ ಕೆಳಗಿನ ಮೂರು ಪದರ ಮಸುಕಾಗುತ್ತವೆ.

ಅಂಟಿಗೆ ಇಲ್ಲಿಯವರು ಕಡಲಪಾಚಿ ಮತ್ತು ಜೇಡಿಮಣ್ಣನ್ನು ಬಳಸುತ್ತಾರೆ. ನಾನು ಸೋಡಿಯಂ ಆಲ್ಜಿನೇಟ್ ಮತ್ತು ಬಿಳಿ ಜೇಡಿ ಬಳಸುತ್ತೇನೆ. ಪ್ರಮಾಣವನ್ನು ಮಾತ್ರ ಹೇಳಲಾರೆ, ಏಕೆಂದರೆ ಅದಕ್ಕೆ ನಾನು ಎರಡು ವರ್ಷ ತೆತ್ತಿದ್ದೇನೆ. ಮೊಸರು ಬಸಿದಿಟ್ಟ ಮೇಲೆ ಉಳಿಯುವ ಗಟ್ಟಿಯಷ್ಟಿರಬೇಕು ಎಂದರೆ ಕೈ ಪಳಗಿದವರಿಗೆ ಸಾಕು. ಮೇಲಿನ ಅಂಟು ಮೆತ್ತಿಕೊಳ್ಳದಿರಲು ಮರದ ಪುಡಿ ಉದುರಿಸುವುದು ರೂಢಿ. ಅದರ ಬದಲು ಅಕ್ಕಿಯ ತೌಡು ಬಳಸಿ ನೋಡಿದೆ. ಇಲ್ಲಿ ನಾಣ್ಯ ಹಾಕಿ ಅಕ್ಕಿ ಪಾಲಿಶ್ ಮಾಡಿಸಿಕೊಳ್ಳುವ ಗೂಡಂಗಡಿಗಳಲ್ಲಿ ತೌಡು ಪುಕ್ಕಟೆ ಸಿಗುತ್ತದೆ. ಮೊದಲ ದಿನ ಚೆನ್ನಾಗಿತ್ತು, ಮೂರನೆಯ ದಿನಕ್ಕೆ ಹುಳಿವಾಸನೆ ಹೊಡೆದು ಶೆಡ್ಡಿನ ತುಂಬ ನೊಣ ಮುತ್ತಿದವು. ಮತ್ತೆ ಬಡಗಿಯ ಬಳಿ ಹೋಗಿ ಮರದ ಪುಡಿಯನ್ನೇ ತಂದೆ.

ನಮ್ಮ ಈ ಊರಿರುವ ಎನ್‌ಶೂ ಪ್ರದೇಶದ ಚಳಿಗಾಲದ ಒಣಗಾಳಿಗೆ ಕರಕ್ಕಾಜೆ ಎನ್ನುತ್ತಾರೆ. ಬಣ್ಣ ಹಾಕುವವನಿಗೆ ಅದು ಎರಡು ಬಗೆಯಲ್ಲಿ ಶತ್ರು: ಬಳಿದ ಅಂಟು ಮಡಚುವಷ್ಟರಲ್ಲಿ ಬಿರಿಯುತ್ತದೆ, ಶೆಡ್ಡಿನ ಉಷ್ಣತೆ ಎಂಟೊಂಬತ್ತು ಡಿಗ್ರಿಗೆ ಇಳಿದು ರಿಯಾಕ್ಟಿವ್ ಬಣ್ಣ ಹಿಡಿಯುವುದೇ ಇಲ್ಲ. ಕಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಕಾಲು ಬೆಚ್ಚಗಿಡಲು ಇಲ್ಲಿ ಬಳಸುವ ಕೊತಾತ್ಸು ಮೇಜಿನ ಕೆಳಗೆ ಇಡೀ ರಾತ್ರಿ ಇಡುವ ಉಪಾಯ ನನ್ನ ಹೆಂಡತಿಯದು. ಥರ್ಮಾಮೀಟರ್ ಇಟ್ಟು ನೋಡಿದರೆ ಮೂವತ್ತೈದರ ಆಸುಪಾಸು ತೋರಿಸಿತು. ಒಂದೇ ರಾತ್ರಿಯಲ್ಲಿ ನೀಲಿಯ ಗಾಢತೆ ಎರಡರಷ್ಟಾಯಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಎರಡನೆಯ ವರ್ಷ. ಬಿಳಿ ಬಟ್ಟೆಯ ಮೇಲೆ ಕೆಂಪು ಗುರುತು ಹಾಕಿ ಹತ್ತು ಮಂದಿಗೆ ಕೊಟ್ಟಿದ್ದೆ. ಸಂಜೆ "ಓಯ್ಶೊ, ಓಯ್ಶೊ" ಎನ್ನುತ್ತ, ಬ್ಯೂಗಲ್ ಊದುತ್ತ ಬೀದಿಯಲ್ಲಿ ಒತ್ತೊತ್ತಾಗಿ ಓಡುವಾಗ ಬೆವರಿಗೆ ಕೆಂಪು ಇಳಿದು, ದೀಪದ ಬೆಳಕಿನಲ್ಲಿ ಹಣೆಗೆ ಗಾಯವಾದಂತೆ ಕಂಡಿತು. ಒಬ್ಬರ ತಾಯಿ ಹೆದರಿ ಓಡಿ ಬಂದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹತ್ತೂ ಮಂದಿಯ ಮನೆಗೆ ಹೋಗಿ ಕ್ಷಮೆ ಕೇಳಿ, ಬಟ್ಟೆಗಳನ್ನು ಹಿಂದಕ್ಕೆ ಪಡೆದೆ. ಊರಿಗೆ ಫೋನ್ ಮಾಡಿದಾಗ ತಂದೆಯವರು, "ತಮ್ಮಾ, ಬಣ್ಣಾ ಹಿಡಿಸೂದು ಯಾರಿಗೆರ ಬರತೈತಿ. ಹಿಡೀಲಾರದ್ದನ್ನ ತೊಳದು ತಗದಿ ಏನು?" ಎಂದರು. ನಾನು ತಣ್ಣೀರಿನಲ್ಲಿ ಮಾತ್ರ ತೊಳೆದಿದ್ದೆ. ಈಗ ತಣ್ಣೀರಿನಲ್ಲಿ ನಾಲ್ಕು ಬಾರಿ, ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಬಿಸಿಯಲ್ಲಿ ಸಾಬೂನು ಹಾಕಿ ಎರಡು ಬಾರಿ ತೊಳೆದು, ಒದ್ದೆ ಬಟ್ಟೆಯನ್ನು ಸರಾಶಿ ಎಂಬ ಬಿಳುಪಿಸಿದ ಹತ್ತಿ ಬಟ್ಟೆಯ ತುಂಡಿನೊಡನೆ ಕಲ್ಲಿನ ಕೆಳಗೆ ಒಂದು ರಾತ್ರಿ ಇಟ್ಟು, ಆ ತುಂಡು ಬೆಳ್ಳಗೇ ಉಳಿದರೆ ಮಾತ್ರ ಕೊಡುತ್ತೇನೆ. ಕೆಂಪಿಗೆ ಕೊನೆಯಲ್ಲಿ ಇನ್ನೊಂದು ಮುಳುಗು ಹಾಕುತ್ತೇನೆ. ಅದು ರಬಕವಿಯ ಗುಟ್ಟು, ಅಲ್ಲಿಯೇ ಇರಲಿ.

ಅಚ್ಚು ಕತ್ತರಿಸುವ ಮೊದಲು ಯಾರು, ಏತಕ್ಕೆ, ಹೇಗೆ ಕಟ್ಟುತ್ತಾರೆಂದು ಕೇಳಿಕೊಳ್ಳಬೇಕು ಎಂಬುದನ್ನು ನಾನು ತಡವಾಗಿ ಕಲಿತೆ. ಪರೀಕ್ಷೆಗೆ ಓದುವ ಹುಡುಗರದು ಮಡಚಿದ ಪಟ್ಟಿ, ಗಂಟು ಹಿಂದೆ. "ಹಿಶ್ಶೋ" ಎಂದರೆ ಗೆಲುವು ಖಚಿತ, "ಗೋಕಾಕು" ಎಂದರೆ ಉತ್ತೀರ್ಣ, ಆ ಅಕ್ಷರಗಳು ಹಣೆಯ ನಡುವೆಯೇ ಬರಬೇಕು. (ನಮ್ಮೂರ ಸಮೀಪದ ಗೋಕಾಕದ ಹೆಸರನ್ನೇ ಹೋಲುವ ಈ ಮಾತನ್ನು ಬರೆಯುವಾಗಲೆಲ್ಲ ನನಗೆ ಸಂತೋಷವಾಗುತ್ತದೆ.) ಶಾಲೆಯ ಕ್ರೀಡಾದಿನಕ್ಕೆ ಕೆಂಪು ಬಿಳಿ ಎರಡೇ ಪಂಗಡ, 1180ರಿಂದ 1185ರವರೆಗಿನ ಯುದ್ಧದಲ್ಲಿ ತೈರಾ ಮನೆತನದವರ ಬಾವುಟ ಕೆಂಪು, ಮಿನಾಮೊತೊ ಮನೆತನದವರದು ಬಿಳಿ ಇದ್ದುದಕ್ಕೆ ಇದನ್ನು ಜೋಡಿಸಿ ಹೇಳುತ್ತಾರೆ. ಹಕಾತಾದ ಗಿಯೋನ್ ಯಮಾಕಾಸಾ ಹಬ್ಬದಲ್ಲಿ ತಲೆಯ ಬಟ್ಟೆಯ ಬಣ್ಣ ನೋಡಿ ಯಾರ ಹೊಣೆ ಯಾವುದೆಂದು ತಿಳಿಯಬಹುದು. ಒಮ್ಮೆ ನಾನು ನೇರಳೆ ಬಣ್ಣದ್ದೊಂದನ್ನು ಅಂದವೆಂದು ಎಡಗಿವಿಯ ಮೇಲೆ ಗಂಟು ಬರುವಂತೆ ಕಟ್ಟಿಕೊಂಡು ಹೋದಾಗ ಪಕ್ಕದ ಮನೆಯ ಹಿರಿಯರು ಗಾಬರಿಯಿಂದ ಬಿಚ್ಚಿಸಿದರು. ಕಬುಕಿ ನಾಟಕದ ರಂಗದ ಮೇಲೆ ನೇರಳೆ ಪಟ್ಟಿಯನ್ನು ಎಡಕ್ಕೆ ಗಂಟು ಹಾಕಿದರೆ ಆ ಪಾತ್ರ ರೋಗಿ ಎಂದರ್ಥ. ನೇರಳೆ ಬಣ್ಣ ಕೊಡುವ ಮುರಸಾಕಿ ಗಿಡದ ಬೇರಿಗೆ ಜ್ವರ ಇಳಿಸುವ ಗುಣವಿದೆಯೆಂದು ನಂಬಿದ್ದರು. ಸುಕೆರೊಕು ಎಂಬ ವೀರನ ಪಾತ್ರ ಅದೇ ನೇರಳೆಯನ್ನು ಬಲಕ್ಕೆ ಕಟ್ಟುತ್ತದೆ. ಅಂದಿನಿಂದ ನೇರಳೆಯದನ್ನು ಕೇಳಿದವರಿಗೆ ಗಂಟಿನ ಕಡೆಯನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ.

ಬೆಂಗಳೂರಿನ ಪರಿಚಯದ ತರುಣರೊಬ್ಬರು ಸೂರ್ಯಕಿರಣಗಳ ಚಿತ್ರವಿದ್ದು "ಕಾಮಿಕಾಜೆ" ಎಂದು ಬರೆದಿರುವ ಐವತ್ತು ಪಟ್ಟಿ ಬೇಕೆಂದು ಕೇಳಿದ್ದರು. ಅದು ನನಗೆ ಬಂದ ಮೊದಲ ದೊಡ್ಡ ಬೇಡಿಕೆ, ಆದರೂ ಒಪ್ಪಲಿಲ್ಲ. 1944ರ ಅಕ್ಟೋಬರಿನಿಂದ ಮರಳಿ ಬಾರದ ಹಾರಾಟಕ್ಕೆ ಹೋದ ಎಳೆಯ ಹುಡುಗರು ಹಚಿಮಾಕಿ ಬಿಗಿದುಕೊಂಡೇ ಹೊರಟಿದ್ದರು. ಕೊರಿಯಾ, ಚೀನಾಗಳಲ್ಲಿ ಜಪಾನಿ ಸೇನೆಯ ಬಾವುಟದ ಆ ಕಿರಣಗಳು ಇನ್ನೊಂದು ನೋವನ್ನು ಕೆದಕುತ್ತವೆ. ಅದನ್ನು ಅವರಿಗೆ ವಿವರಿಸಿ ಬರೆದಾಗ ಅವರು ಅರ್ಥ ಮಾಡಿಕೊಂಡು, ಬರಿಯ ನೀಲಿ ಚುಕ್ಕೆಗಳ ಮಾಮೆಶಿಬೊರಿ ಸಾಕೆಂದರು.

ಆ ಚುಕ್ಕೆಗಳಿಗಾಗಿ ಎರಡು ತಿಂಗಳು ದಾರಿ ತಪ್ಪಿದೆ. ನಾಗೊಯಾದ ಅರಿಮಾತ್ಸುವಿನಲ್ಲಿ ಮಾಡುವಂತೆ ಬಟ್ಟೆಯನ್ನು ಮಡಚಿ, ಹಲಗೆಯ ನಡುವೆ ಬಿಗಿದು, ಗಿಡದಿಂದ ತೆಗೆದ ನಿಜವಾದ ನೀಲಿಯಲ್ಲಿ (ಇಂಡಿಗೊ) ಅದ್ದಬೇಕೆಂಬ ಆಸೆ ಹುಟ್ಟಿತು. ನೀಲಿ ಬಣ್ಣ ಹಾಕುವ ನೀಲಗಾರರ ನಾಡಿನಿಂದ ಬಂದವನಿಗೆ ನೀಲಿಯ ಮೋಹ ಸಹಜ. ಮೀಜಿ ಕಾಲದಲ್ಲಿ ಭಾರತದ ನೀಲಿ ಇಲ್ಲಿಗೆ ಬಂದು ತೊಕುಶಿಮಾದ ಆವಾ ನೀಲಿಯ ಬೇಸಾಯಕ್ಕೆ ಪೆಟ್ಟು ಕೊಟ್ಟಿತೆಂದು ಓದಿ ಆ ಮೋಹ ಇನ್ನಷ್ಟು ಹೆಚ್ಚಿತು. ಊರಿನಿಂದ ಅರ್ಧ ಕಿಲೊ ನೀಲಿ ತರಿಸಿ ಹಂಡೆ ಹೂಡಿದೆ. ಬಣ್ಣವೇನೋ ಮನಸ್ಸು ತುಂಬುವಷ್ಟು ಚೆಲುವಾಗಿ ಬಂತು, ಆದರೆ ಬೆವರಿನ ಉಜ್ಜಾಟಕ್ಕೆ ಕಿವಿಯ ಹಿಂದೆ ನೀಲಿ ಬಿಟ್ಟಿತು. ಹಂಡೆ ಶೆಡ್ಡಿನ ಮೂಲೆಯಲ್ಲಿ ಈಗಲೂ ಇದೆ; ಅದನ್ನು ಹಚಿಮಾಕಿಗೆ ಬಳಸುವುದಿಲ್ಲ.

ಒಟ್ಟು ಖರ್ಚು ನಾಲ್ಕು ವರ್ಷಕ್ಕೆ ಎರಡು ಲಕ್ಷ ಯೆನ್ ದಾಟಿರಬಹುದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳಾದ ಬಟ್ಟೆಯದು. ಹತ್ತು ಮೀಟರ್ ಸರಾಶಿ ಸುಮಾರು 1,300 ಯೆನ್‌ಗೆ ಸಿಗುತ್ತದೆ, ಅದರಿಂದ ಹತ್ತು ಹನ್ನೊಂದು ತುಂಡು ಬರುತ್ತವೆ. ಬಣ್ಣ, ಅಂಟು, ವಿದ್ಯುತ್ತು, ಬಿಸಿನೀರು ಎಲ್ಲ ಸೇರಿ ಒಂದಕ್ಕೆ 300 ಯೆನ್ ಬೀಳುತ್ತದೆ. ಕೇರಿಗೆ ಪುಕ್ಕಟೆ ಕೊಟ್ಟೆ, ಹೊರಗಿನವರಿಗೆ 900ಕ್ಕೆ ಕೊಡುತ್ತೇನೆ. ತುದಿಗಳನ್ನು ಹೊಲಿಯುವುದಿಲ್ಲ, ನೀರು ನಿಲ್ಲದೆ ಬೇಗ ಒಣಗಲೆಂದು ತೆನುಗುಯಿಯ ಅಂಚನ್ನು ಕತ್ತರಿಸಿದಂತೆಯೇ ಬಿಡುವುದು ಪದ್ಧತಿ, ಏಳೆಂಟು ಒಗೆತಕ್ಕೆ ಎಳೆ ಬಿಡುವುದು ತಾನಾಗಿ ನಿಲ್ಲುತ್ತದೆ.

ಮುಂದಿನ ಮೇ ತಿಂಗಳಿಗೆ ಪಕ್ಕದ ಕೇರಿಯವರು 45 ಹಚಿಮಾಕಿ ಕೇಳಿದ್ದಾರೆ. ಅವರ ಗುರುತಿನಲ್ಲಿ ಕೆಂಪು ಮತ್ತು ನೀಲಿ ಅಕ್ಕಪಕ್ಕದಲ್ಲಿಯೇ ಬರುವುದರಿಂದ ನಡುವೆ ಅಂಟಿನ ಒಡ್ಡು ಕಟ್ಟಿ ಎರಡನ್ನೂ ಒಂದೇ ಕಟ್ಟಿನಲ್ಲಿ ಹೊಯ್ಯಬೇಕು. ಇಲ್ಲಿಯವರು ಆ ಒಡ್ಡಿಗೆ ದೋತೆ ಎನ್ನುತ್ತಾರೆ. ಒಡ್ಡಿನ ಎತ್ತರ ಎಷ್ಟಿರಬೇಕೆಂದು ನೋಡಲು ಹೋದ ವಾರ ಐದು ಪದರದ ಪ್ರಯೋಗ ಮಾಡಿದೆ. ಒಂದು ಸೆಂಟಿಮೀಟರಿಗೆ ಕೆಂಪು ಉಕ್ಕಿ ಹರಿಯಿತು, ಒಂದೂವರೆಗೆ ನಿಂತಿತು.