ಎತ್ತರದ ಅಂಕಿಗಳಿಂದ ಚಿತ್ರದುರ್ಗದ ಬೆಟ್ಟಗಳನ್ನು ಚಿತ್ರವಾಗಿಸಿದ ನನ್ನ ಅನುಭವ

ಚಿತ್ರದುರ್ಗದಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಅರೇಯನ್ನು (ಸಾಲು, ಕಾಲಂಗಳಲ್ಲಿ ಜೋಡಿಸಿದ ಅಂಕಿಗಳನ್ನು) ಚಿತ್ರವಾಗಿ ಪರಿವರ್ತಿಸುವುದನ್ನು ಕಲಿಸಬೇಕಾಗಿ ಬಂದಾಗ, ಕಪ್ಪು ಬಿಳುಪಿನ ಚೌಕಗಳ ಮಾಮೂಲಿ ಉದಾಹರಣೆಯ ಬದಲು ತರಗತಿಯ ಕಿಟಕಿಯಿಂದ ಕಾಣುವ ಬೆಟ್ಟಗಳನ್ನೇ ತೆಗೆದುಕೊಳ್ಳೋಣವೆನ್ನಿಸಿತು. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೇವರ್ ಬಾಹ್ಯಾಕಾಶ ನೌಕೆಯಿಂದ ರಡಾರ್ ಮೂಲಕ ಅಳೆದ ಭೂಮಿಯ ಎತ್ತರದ ಮಾಹಿತಿ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಉತ್ತರ ಅಕ್ಷಾಂಶ 14ರಿಂದ 15, ಪೂರ್ವ ರೇಖಾಂಶ 76ರಿಂದ 77ರವರೆಗಿನ ತುಣುಕನ್ನು ಇಳಿಸಿಕೊಂಡೆ. ಕಡತದ ಗಾತ್ರ 28,84,802 ಬೈಟ್. ಪ್ರತಿ ಎತ್ತರಕ್ಕೆ ಎರಡು ಬೈಟ್‌ನಂತೆ ಭಾಗಿಸಿದರೆ 14,42,401 ಅಂಕಿಗಳು, ಅಂದರೆ 1201 ಸಾಲು, 1201 ಕಾಲಂ. ಸಾಲು, ಕಾಲಂಗಳ ಸಂಖ್ಯೆಯನ್ನು ಹೇಳುವ ಹೆಡರ್ (ಕಡತದ ಆರಂಭದ ವಿವರ) ಆ ಕಡತದಲ್ಲಿ ಇಲ್ಲದಿರುವುದರಿಂದ ಈ ಲೆಕ್ಕವನ್ನು ನಾವೇ ಮಾಡಿ, ಪೈಥಾನ್ ಭಾಷೆಯಲ್ಲಿ ಅರೇಗಳ ಕೆಲಸಕ್ಕಿರುವ ನಂಪೈ ಲೈಬ್ರರಿಯ ರೀಶೇಪ್‌ಗೆ (ಅಂಕಿಗಳನ್ನು ಸಾಲು, ಕಾಲಂಗಳಾಗಿ ಜೋಡಿಸುವ ಆದೇಶಕ್ಕೆ) ಕೊಡಬೇಕು.

ಮೊದಲ ಸಲ ಬಂದದ್ದು ಬರೀ ಚುಕ್ಕೆಗಳ ರಾಶಿ. ಈ ಕಡತದಲ್ಲಿ ಪ್ರತಿ ಅಂಕಿಯ ಎರಡು ಬೈಟ್‌ಗಳ ಪೈಕಿ ಹೆಚ್ಚು ಬೆಲೆಯ ಬೈಟ್ ಮೊದಲು ಬರುತ್ತದೆ. ನನ್ನ ಕಂಪ್ಯೂಟರ್ ಕಡಿಮೆ ಬೆಲೆಯ ಬೈಟ್ ಮೊದಲೆಂದು ಓದಿತ್ತು. ಹಾಗೆ ಓದಿದಾಗ 750 ಮೀಟರ್ ಎಂಬುದು −4606 ಆಗುತ್ತದೆ. ಬಿಗ್ ಎಂಡಿಯನ್ (ಹೆಚ್ಚು ಬೆಲೆಯ ಬೈಟ್ ಮೊದಲು), ಚಿಹ್ನೆಸಹಿತ 16 ಬಿಟ್ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೆ ಅಂಕಿಗಳು ಸರಿಹೋದವು.

ಎರಡನೆಯ ತಪ್ಪು ಹೆಚ್ಚು ಮೋಸಗೊಳಿಸುವಂಥದ್ದು, ಏಕೆಂದರೆ ಅದು ನೋಡಲು ಚೆಂದವಾಗಿತ್ತು. ಎತ್ತರಗಳನ್ನು ನೇರವಾಗಿ 8 ಬಿಟ್‌ಗೆ (0 ಕಪ್ಪು, 255 ಬಿಳಿ) ಇಳಿಸಿ, ಪೈಥಾನ್‌ನ ಚಿತ್ರ ಲೈಬ್ರರಿಯಾದ ಪಿಲ್ಲೋದಲ್ಲಿ ಅರೇಯನ್ನು ಚಿತ್ರವಾಗಿಸುವ ಫ್ರಮ್‌ಅರೇಗೆ ಕೊಟ್ಟಾಗ ಬೆಟ್ಟಗಳ ಸುತ್ತ ಸಮೋನ್ನತಿ ರೇಖೆಯಂತೆ ಹರಿತವಾದ ಗೆರೆ ಮೂಡಿತು, ವಿದ್ಯಾರ್ಥಿಗಳು ಮೆಚ್ಚಿದರು. ಆದರೆ 8 ಬಿಟ್‌ನಲ್ಲಿ 255ರ ನಂತರ ಮತ್ತೆ ಸೊನ್ನೆಯಿಂದ ಎಣಿಕೆ ಶುರುವಾಗುವುದರಿಂದ 767 ಮೀಟರ್ ಅಚ್ಚ ಬಿಳಿಯಾಗಿ, ಅದಕ್ಕಿಂತ ಒಂದೇ ಮೀಟರ್ ಮೇಲಿನ 768 ಕಡುಕಪ್ಪಾಗಿ ಬಂದಿತ್ತು. ಆದ್ದರಿಂದ ಮೊದಲು ಕನಿಷ್ಠ ಎತ್ತರವನ್ನು ಕಳೆದು, ವ್ಯಾಪ್ತಿಯಿಂದ (ಗರಿಷ್ಠ, ಕನಿಷ್ಠಗಳ ಅಂತರದಿಂದ) ಭಾಗಿಸಿ, 255ರಿಂದ ಗುಣಿಸಿ, ಆಮೇಲಷ್ಟೇ 8 ಬಿಟ್‌ಗೆ ಬದಲಾಯಿಸಬೇಕು.

ಹಾಗೆ ಮಾಡಿದರೂ ಚಿತ್ರ ಪೂರ್ತಿ ಬೆಳ್ಳಗಾಯಿತು. ರಡಾರ್‌ಗೆ ಸಿಗದ ಜಾಗಗಳಿಗೆ −32768 ಎಂದು ತುಂಬಿರುತ್ತಾರೆ. ಅದೊಂದೇ ಅಂಕಿ ಕನಿಷ್ಠವಾಗಿ ಕುಳಿತು ನಿಜವಾದ ಎತ್ತರಗಳನ್ನೆಲ್ಲ ತುದಿಯ ಕೆಲವೇ ಛಾಯೆಗಳಿಗೆ ಒತ್ತಿತ್ತು. ಅಂಥ ಬಿಂದುಗಳನ್ನು ಹೊರಗಿಟ್ಟು ಕನಿಷ್ಠ, ಗರಿಷ್ಠಗಳನ್ನು ಕಂಡುಕೊಂಡೆ. ಬಣ್ಣ ಹಚ್ಚುವ ಆತುರ ಬೇಡವೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ: ಬೂದು ಛಾಯೆಯಲ್ಲಿ ಇಂಥ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ದಿಕ್ಕನ್ನೂ ಪರೀಕ್ಷಿಸಿದೆವು. ಮೊದಲ ಸಾಲು ಉತ್ತರದ ಅಂಚಾದ್ದರಿಂದ ಕೋಟೆ 940ರ ಆಸುಪಾಸಿನ ಸಾಲಿನಲ್ಲಿ, 475ರ ಆಸುಪಾಸಿನ ಕಾಲಂನಲ್ಲಿ ಇರಬೇಕಿತ್ತು, ಅಲ್ಲಿಯೇ ಇತ್ತು. ಒಂದು ಪಿಕ್ಸೆಲ್ ಸುಮಾರು 90 ಮೀಟರ್ ನೆಲವನ್ನು ಆವರಿಸುವುದರಿಂದ ಏಳು ಸುತ್ತಿನ ಗೋಡೆಗಳು ಕಾಣಲಿಲ್ಲ. ಬೆಟ್ಟಸಾಲು ಮಾತ್ರ ಸ್ಪಷ್ಟವಾಗಿ ಬಂದಿತ್ತು. ಜೆಪೆಗ್ ಸಂಕುಚಿಸುವಾಗ ಅಂಕಿಗಳನ್ನು ಬದಲಿಸುತ್ತದೆಯಾದ್ದರಿಂದ ಚಿತ್ರವನ್ನು ಪಿಎನ್‌ಜಿಯಾಗಿ ಉಳಿಸಿ, ಮುದ್ರಿಸಿ, ಪ್ರಯೋಗಾಲಯದ ಗೋಡೆಗೆ ಹಾಕಿದ್ದೇವೆ.